ದೀಪ ತಗೊಳ್ಳಿ, ಟೈಮರ್ ಬೇಡ: ಮೂರು ಮಳೆಗಾಲದ ಅನುಭವ

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ಅಡಿಕೆ ತೋಟದ ನಡುವೆ ತಗ್ಗಿನಲ್ಲಿ ನಮ್ಮ ಮನೆ. ಮಳೆ ಜೋರಿರುವ ಆಟಿ ತಿಂಗಳಲ್ಲಿ ನಡುಮಧ್ಯಾಹ್ನವೂ ಚಾವಡಿಯಲ್ಲಿ ದೀಪ ಹಾಕದೆ ಪೇಪರ್ ಓದಲಿಕ್ಕಾಗುವುದಿಲ್ಲ. ಆ ಹೊತ್ತಿನಲ್ಲಿ ಅಂಗಡಿಯಿಂದ ತಂದ ಕೊತ್ತಂಬರಿ ಕಟ್ಟು ಬಿಚ್ಚಿದರೆ ಒಳಗೆ ಅರ್ಧ ಕೊಳೆತಿರುತ್ತದೆ. ಅಂಗಳದಲ್ಲಿ ಬಿತ್ತಿದರೆ ಮಳೆ ಬಡಿದು ಮಲಗಿಸುತ್ತದೆ. ಕಿಟಕಿ ಹತ್ತಿರ ಇಟ್ಟರೆ ನೂಲಿನ ಹಾಗೆ ಉದ್ದ ಬೆಳೆದು ತಾನಾಗಿಯೇ ಬೀಳುತ್ತದೆ. ಸಾರಿಗೆ ನಾಲ್ಕೆಲೆ ಬೇಕು, ಅಷ್ಟೇ. ಅದಕ್ಕಾಗಿ, ಮನೆಯೊಳಗೇ ಕೊತ್ತಂಬರಿ ಬೆಳೆಸಲಿಕ್ಕೆ ಕಟ್ಟಿದ ದೀಪ ಇದು.

ಮೊದಲ ಮಳೆಗಾಲ ಮೋಸಹೋದೆ. ಗಿಡಕ್ಕೆ ಕೆಂಪು, ನೀಲಿ ಎರಡೇ ಬೆಳಕು ಸಾಕು ಅಂತ ಎಲ್ಲೋ ಓದಿ, 12 ವೋಲ್ಟಿನ ಐದು ಮೀಟರ್ ಎಲ್‌ಇಡಿ ಪಟ್ಟಿ ತರಿಸಿದೆ. ಚಾವಡಿ ಇಡೀ ನೇರಳೆ. ಅಮ್ಮ ಬಂದು ನೋಡಿ, "ಎಂತ, ಈಗ ಯಕ್ಷಗಾನದ ಬಣ್ಣದ ವೇಷ ಬರ್ಲಿಕ್ಕುಂಟಾ?" ಅಂದಳು. ಆ ಬೆಳಕಿನಲ್ಲಿ ಎಲೆ ಕಪ್ಪಗೆ ಕಾಣುತ್ತದೆ. ಹುಳ ಬಿದ್ದರೂ ಗೊತ್ತಾಗುವುದಿಲ್ಲ, ಹಳದಿಯಾದರೂ ಗೊತ್ತಾಗುವುದಿಲ್ಲ. ಒಂದೇ ತುದಿಯಿಂದ ಕರೆಂಟ್ ಕೊಟ್ಟಿದ್ದೆ. ಆಚೆ ತುದಿಗೆ ಮುಟ್ಟುವಾಗ ವೋಲ್ಟೇಜ್ ಇಳಿದು ಬೆಳಕು ಮಂಕು. ಆ ಕಡೆಯ ಗಿಡಗಳೆಲ್ಲ ಈಚೆಗೆ ವಾಲಿಕೊಂಡವು. ಜುಲೈ ಮುಗಿಯುವ ಮೊದಲೇ ತೇವಕ್ಕೆ ಅಂಟು ಬಿಟ್ಟು, ಪಟ್ಟಿ ಗಿಡದ ಮೇಲೇ ಬಿತ್ತು. ಸುಮ್ನೆ ದುಡ್ಡು ದಂಡ.

ಎರಡನೇ ವರ್ಷ ಮಾಮೂಲಿ ಬಿಳಿ ಟ್ಯೂಬಿಗೆ ಬಂದೆ. 20 ವ್ಯಾಟಿನ ನಾಲ್ಕಡಿಯ ಎಲ್‌ಇಡಿ ಟ್ಯೂಬ್, ಮೂರು. ಅಂಗಡಿಯವರು "ಮೀನಿನ ತೊಟ್ಟಿಗಾ?" ಅಂತ ಕೇಳಿದರು. ಬಿಳಿ ಎಲ್‌ಇಡಿಯ ಒಳಗಿರುವುದೂ ನೀಲಿ ಎಲ್‌ಇಡಿಯೇ. ಮೇಲಿನ ಹಳದಿ ಲೇಪ ಆ ನೀಲಿಯ ಒಂದು ಪಾಲನ್ನು ಹಸಿರು, ಹಳದಿ, ಕೆಂಪು ಮಾಡಿ ಹೊರಗೆ ಬಿಡುತ್ತದೆ. ಹಸಿರು ಬೆಳಕು ಗಿಡಕ್ಕೆ ಉಪಯೋಗವಿಲ್ಲ ಅನ್ನುವ ಮಾತೂ ಸರಿಯಲ್ಲ. ಗಿಡಗಳು ಅದನ್ನೂ ಬಳಸಿಕೊಳ್ಳುತ್ತವೆ ಅಂತ ಮೆಕ್ರೀ ಎಂಬ ವಿಜ್ಞಾನಿ 1972ರಲ್ಲೇ ಅಳೆದು ತೋರಿಸಿದ್ದಾರೆ. ನಾನು ಅದನ್ನು ಓದಿದ್ದು ನೇರಳೆ ಪಟ್ಟಿ ಕೊಂಡ ಮೇಲೆ!

ಚೌಕಟ್ಟಿಗೆ ಹಟ್ಟಿಯ ಹಿಂದೆ ಬಿದ್ದಿದ್ದ ಅಡಿಕೆ ಮರದ ಸೀಳು. ಟ್ಯೂಬುಗಳನ್ನು ಹಗ್ಗದಲ್ಲಿ ತೂಗುಹಾಕಿದೆ. ಗಿಡದ ತಲೆಗೂ ಟ್ಯೂಬಿಗೂ ನಡುವೆ ಒಂದು ಗೇಣು. ಭಾನುವಾರ ಕಾಫಿ ಕುಡಿದು, ಗೇಣು ಹಾಕಿ ನೋಡಿ, ಹಗ್ಗವನ್ನು ಒಂದು ಗಂಟು ಮೇಲೆ ಕಟ್ಟುವುದು ನನ್ನ ಕೆಲಸ. ವಾರದಲ್ಲಿ ಇದರಷ್ಟು ಇಷ್ಟದ ಕೆಲಸ ನನಗೆ ಬೇರೆ ಇಲ್ಲ. ಬಿತ್ತುವುದು ಅಡಿಕೆ ಹಾಳೆಯ ತಟ್ಟೆಯಲ್ಲಿ, ತಳಕ್ಕೆ ನಾಲ್ಕು ತೂತು. ಸುಡುಮಣ್ಣು, ಹಟ್ಟಿಗೊಬ್ಬರ, ತೆಂಗಿನ ನಾರಿನ ಪುಡಿ. ಕೊತ್ತಂಬರಿಯ ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತದೆ. ಅದನ್ನು ಮಣೆಯ ಮೇಲಿಟ್ಟು ಲೋಟದ ತಳದಲ್ಲಿ ಮೆಲ್ಲ ಒತ್ತಿದರೆ ಟಿಕ್ ಅಂತ ಎರಡು ಹೋಳು. ರಾತ್ರಿ ನೆನೆಹಾಕಿ ಬೆಳಗ್ಗೆ ಬಿತ್ತುವುದು. ಹಾಳೆ ಕುಂಬಾಗಿ ಹಾಳಾಗುವ ಮೊದಲು ಸೊಪ್ಪು ಸಾರಿಗೆ ಬಿದ್ದಿರುತ್ತದೆ. ಒಂದೇ ಎಚ್ಚರ, ನೀರು ಹಾಕುವ ಮೊದಲು ಸ್ವಿಚ್ ಬಂದ್ ಮಾಡಿ. ಬೆಳಕು ಜಾಸ್ತಿ ಬರಲಿ ಅಂತ ಬಲ್ಬಿನ ಬಿಳಿ ಮುಚ್ಚಳ ಕೀಳುವವರೂ ಇದ್ದಾರೆ. ಅದು ಬೇಡ, ಒಳಗೆ ಶಾಕ್ ಹೊಡೆಯುತ್ತದೆ.

ಫೋನಿನಲ್ಲಿ ಬೆಳಕು ಅಳೆದೆ. ಮಳೆಯ ದಿನ ಕಿಟಕಿ ಹತ್ತಿರ 600 ಲಕ್ಸ್, ಟ್ಯೂಬಿನ ಕೆಳಗೆ 8,000. ಫೋನಿನ ಲೆಕ್ಕ ಪಕ್ಕಾ ಅಲ್ಲ, ಹೋಲಿಸಲಿಕ್ಕೆ ಸಾಕು. ಹೊರಗಿನ ಸುಡುಬಿಸಿಲು ಲಕ್ಷ ಲಕ್ಸಿನ ಆಸುಪಾಸು ಇರುತ್ತದೆ ಅನ್ನುವುದೂ ನೆನಪಿರಲಿ.

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ನಾನು ಟೈಮರ್ ತಂದೆ.

ಹೊತ್ತಿಗೆ ಸರಿಯಾಗಿ ದೀಪವನ್ನು ತಾನೇ ಹಾಕಿ ಆರಿಸುವ, ಡಯಲ್ ತಿರುಗುವ ಅಗ್ಗದ ಟೈಮರ್. ಸುತ್ತ 96 ಪುಟ್ಟ ಕಡ್ಡಿಗಳು, ಒಂದೊಂದು ಕಾಲು ಗಂಟೆಗೆ. ಬೆಳಗ್ಗೆ 6ರಿಂದ ರಾತ್ರಿ 8ರವರೆಗೆ ಅಂತ 56 ಕಡ್ಡಿಗಳನ್ನು ಉಗುರಿನಲ್ಲಿ ಒತ್ತಿ ಕೂರಿಸಿದೆ. ಒಳಗಿನ ಮೋಟಾರ್ ಓಡುವುದು ಮನೆಯ ಕರೆಂಟಿನಲ್ಲೇ. ಕರೆಂಟ್ ಹೋದರೆ ಅದರ ಗಡಿಯಾರವೂ ನಿಂತಿತು. ಬಂದಾಗ ಬಿಟ್ಟಲ್ಲಿಂದ ಶುರು. ನಮ್ಮಲ್ಲಿ ಮಳೆಗಾಲ ಅಂದರೆ ಲೈನಿನ ಮೇಲೆ ಮರ ಬೀಳದ ವಾರವಿಲ್ಲ. ಸಾಲದ್ದಕ್ಕೆ ಗುಡುಗಿದ ಕೂಡಲೇ ಅಮ್ಮ ಮನೆಯ ಪ್ಲಗ್ಗೆಲ್ಲ ಎಳೆಯುತ್ತಾಳೆ. ಒಂದು ವಾರದಲ್ಲಿ ಹೀಗೆ ಒಟ್ಟು 21 ಗಂಟೆ ಹಿಂದೆ ಬಿತ್ತು. ಬೆಳಗ್ಗೆ 6ಕ್ಕೆ ಹತ್ತಬೇಕಾದ ದೀಪ ರಾತ್ರಿ 3ಕ್ಕೆ ಹತ್ತಿತು. ಅಮ್ಮ ಬೆಳಗಾಯಿತು ಅಂತ ಎದ್ದು, ಹಾಲು ಕಾಯಿಸಿ, ಕಾಫಿ ಮಾಡಿ ನನ್ನನ್ನೂ ಎಬ್ಬಿಸಿದಳು. ಅರ್ಧ ಲೋಟ ಕುಡಿದ ಮೇಲೆ ನಾವಿಬ್ಬರೂ ಗಡಿಯಾರ ನೋಡಿದ್ದು.

"ನಿನ್ನ ಕೊತ್ತಂಬರಿಗೆ ಎಂತ, ರಾತ್ರಿ ಶಾಲೆಯಾ?"

ಸರಿಮಾಡಿದೆ. ಮತ್ತೆ ತಪ್ಪಿತು. ಮತ್ತೆ ಸರಿಮಾಡಿದೆ. ಮೂರನೇ ಸಲ ನಾನು ಊರಲ್ಲಿರಲಿಲ್ಲ. ಹಗಲು ಹೊತ್ತು ಕತ್ತಲೆ ಯಾಕೆ ಅಂತ ಅಮ್ಮ ಟೈಮರಿನ ಬದಿಯ ಸಣ್ಣ ಗುಂಡಿ ಒತ್ತಿದ್ದಾಳೆ. ಅದು ಒತ್ತಿದರೆ ಡಯಲ್ ಎಲ್ಲೇ ಇರಲಿ, ದೀಪ ಉರಿಯುತ್ತಲೇ ಇರುತ್ತದೆ. ಹತ್ತು ದಿನ ಬಿಟ್ಟು ಬಂದು ನೋಡಿದರೆ ಎಲೆಗಳೆಲ್ಲ ಸಬ್ಬಸಿಗೆಯ ಹಾಗೆ ಸೀಳಿ, ನಡುವಿನಿಂದ ದಂಟು ಎದ್ದು ಮೊಗ್ಗು ಬಂದಿದೆ. ಕೊತ್ತಂಬರಿಯ ಸ್ವಭಾವವೇ ಹಾಗೆ. ಹಗಲು ಉದ್ದವಾದಷ್ಟೂ ಬೇಗ ಹೂ ಬಿಡುತ್ತದೆ, ಆಮೇಲೆ ಸೊಪ್ಪು ಮುಗಿಯಿತು. ಸಿಟ್ಟು ಬಂದದ್ದು ನಿಜ. ಅಮ್ಮನ ಮೇಲಲ್ಲ, ನನ್ನ ಮೇಲೆ. ಕರೆಂಟೇ ಇರದ ಊರಿಗೆ ಕರೆಂಟಿನ ಗಡಿಯಾರ ತಂದವನು ನಾನು ತಾನೆ?

ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಕರೆಂಟ್ ಹೋದರೂ ಹೊತ್ತು ಮರೆಯುವುದಿಲ್ಲ. ಆದರೆ ಬೆಲೆ ಜಾಸ್ತಿ. ಕೊಳ್ಳುವ ಮೊದಲೇ ಅಮ್ಮ ದಾರಿ ಮಾಡಿದಳು. ಬೆಳಗ್ಗೆ ಹಾಲು ಕಾಯಿಸಲು ಬರುವಾಗ ಗಿಡದ ಸ್ವಿಚ್ ಹಾಕುತ್ತಾಳೆ. ಸಂಜೆ ದೇವರಿಗೆ ದೀಪ ಹಚ್ಚಿ, ಬರುವಾಗ ಇದನ್ನು ಬಂದ್ ಮಾಡುತ್ತಾಳೆ. ಹೆಚ್ಚುಕಮ್ಮಿ 12 ಗಂಟೆ, ನಾನು ಒತ್ತಿದ 14ಕ್ಕಿಂತ ಕೊತ್ತಂಬರಿಗೆ ಇದೇ ಹಿತ. ಈ ಮಳೆಗಾಲ ಮೊಗ್ಗು ಬಹಳ ತಡ. ಮುಸ್ಸಂಜೆಗೆ ಮಳೆಹುಳ ಮುತ್ತುವುದೂ ಕಮ್ಮಿಯಾಗಿದೆ. ಗೋಡೆಯ ಹಲ್ಲಿಗೆ ಮಾತ್ರ ಬೇಜಾರು. ಹಗಲು ತರಕಾರಿ ಹೆಚ್ಚಲಿಕ್ಕೆ ಅಮ್ಮ ಮೆಟ್ಟುಕತ್ತಿ ತಂದು ಕೂರುವುದೂ ಈ ಬೆಳಕಿನ ಹತ್ತಿರವೇ.

ಖರ್ಚು: ಟ್ಯೂಬು, ವಯರು, ಹೋಲ್ಡರು ಸೇರಿ ಸಾವಿರದೊಳಗೆ. 60 ವ್ಯಾಟು 12 ಗಂಟೆ ಉರಿದರೆ ಎರಡು ತಿಂಗಳ ಬಿಲ್ಲಿನಲ್ಲಿ 43 ಯೂನಿಟು. ಅಷ್ಟು ದುಡ್ಡಿಗೆ ಅಂಗಡಿಯಲ್ಲೂ ಕೊತ್ತಂಬರಿ ಬರುತ್ತದೆ, ಅರ್ಧ ಕೊಳೆತದ್ದು. ಪುದಿನ, ಒಂದೆಲಗ ಚೆನ್ನಾಗಿ ಬಂದವು. ಗಾಂಧಾರಿ ಮೆಣಸು ಇಟ್ಟು ನೋಡಿದೆ. ಎಲೆ ಬಂತು, ಹೂ ಉದುರಿತು. ಕಾಯಿ ಬಿಡುವ ಗಿಡಕ್ಕೆ ಈ ಬೆಳಕು ಸಾಲದು. ಟ್ಯೂಬ್ ಎರಡು ಮಳೆಗಾಲದಲ್ಲಿ ಒಂದೂ ಕೆಟ್ಟಿಲ್ಲ.

ಟೈಮರ್ ಕಪಾಟಿನಲ್ಲಿದೆ, ಕೆಟ್ಟಿಲ್ಲ. ಬೇಕಾದವರು ಬಂದು ಕೊಂಡುಹೋಗಬಹುದು, ದುಡ್ಡು ಬೇಡ. ಕೊತ್ತಂಬರಿ ಮಾತ್ರ ಕೇಳಬೇಡಿ.