600 ಪಲ್ಸ್ ಎನ್‌ಕೋಡರ್‌ನ ಆರ್ಕೇಡ್ ಸ್ಪಿನ್ನರ್: ಕಾಸರಗೋಡಿನ ಮಳೆಗಾಲಗಳನ್ನು ದಾಟಿದ ಮೇಲೆ

ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ಕಾಲದ ಟೆಂಪೆಸ್ಟ್ (1981), ಟ್ರಾನ್ (1982), ಆರ್ಕನಾಯ್ಡ್ (1986) ಆಟಗಳಲ್ಲಿ ಬೆರಳಿನಿಂದ ಎಷ್ಟು ಸುತ್ತು ಬೇಕಾದರೂ ತಿರುಗಿಸಬಹುದಾದ ನಾಬ್ ಇತ್ತು. ಅದೇ ಸ್ಪಿನ್ನರ್. ಅಸಲಿ ಬೇಕೆಂದರೆ ಹಳೆ ಯಂತ್ರ ಬಿಚ್ಚಿ ಮಾರುವವರನ್ನೇ ಹುಡುಕಬೇಕು. ಮನೆಯಲ್ಲೇ ಮಾಡಿಕೊಳ್ಳುವವರಿಗೆ ಸುಲಭವಾಗಿ ಸಿಗುವ ಬದಲಿ, ಕಾರ್ಖಾನೆ ಯಂತ್ರಗಳಿಗೆಂದು ಬರುವ, ಶಾಫ್ಟ್ ಒಂದು ಸುತ್ತು ತಿರುಗಿದರೆ 600 ವಿದ್ಯುತ್ ಪಲ್ಸ್ ಕೊಡುವ ಆಪ್ಟಿಕಲ್ ರೋಟರಿ ಎನ್‌ಕೋಡರ್: 38 ಮಿ.ಮೀ. ದೇಹ, 6 ಮಿ.ಮೀ. ಶಾಫ್ಟ್, ನಾಲ್ಕು ತಂತಿ, ಜೊತೆಗೊಂದು ಶೀಲ್ಡ್. ಇದಕ್ಕೆ ನಾವೇ ಪ್ರೋಗ್ರಾಮ್ ಹಾಕಬಹುದಾದ ಪುಟ್ಟ ಆರ್ಡುಯಿನೊ ಪ್ರೊ ಮೈಕ್ರೊ ಬೋರ್ಡ್ ಸೇರಿಸಿದರೆ ಕಂಪ್ಯೂಟರಿಗೆ ಅದು ಇನ್ನೊಂದು ಮೌಸ್, ಅಷ್ಟೇ. ಆರ್ಡುಯಿನೊದ್ದೇ ಊನೊ ಆರ್3 ಬೋರ್ಡ್ ತಂದರೆ ಆಗದು. ಈ ಎರಡರಲ್ಲಿ ಪ್ರೊ ಮೈಕ್ರೊದ ಎಟಿಮೆಗಾ 32ಯು4 ಚಿಪ್‌ನಲ್ಲಿ ಮಾತ್ರ ಯುಎಸ್‌ಬಿ ಒಳಗೇ ಇದೆ.

ಉಪ್ಪುಗಾಳಿ ಬೀಸುವ ಕರಾವಳಿ ಮನೆಯಲ್ಲಿ ಬಹುಕಾಲ ಬಳಸಿದ ಮೇಲೆ ಎನ್‌ಕೋಡರ್‌ಗೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಜೊತೆಗೆ ಹಾಕುವ ಬಟನ್, ಸ್ವಿಚ್ಚುಗಳಿಗೆ ಎರಡೂವರೆ ಸಾಕು.

ತಂತಿ ಜೋಡಣೆ ಸುಲಭ, ಆದರೆ ಕ್ಷಮೆಯಿಲ್ಲ. ಕೆಂಪು 5 ವೋಲ್ಟ್‌ಗೆ, ಕಪ್ಪು ಗ್ರೌಂಡ್‌ಗೆ, ಹಸಿರು ಮತ್ತು ಬಿಳಿ ಪ್ರೊ ಮೈಕ್ರೊದ 2 ಮತ್ತು 3ನೇ ಪಿನ್‌ಗಳಿಗೆ. ಈ ಎರಡಕ್ಕೂ ಇಂಟರಪ್ಟ್ ಇದೆ, ಅಂದರೆ ಪಲ್ಸ್ ಬದಲಾದ ಕೂಡಲೇ ಚಿಪ್ ಕೈಲಿದ್ದ ಕೆಲಸ ಬಿಟ್ಟು ಅದನ್ನು ನೋಡುತ್ತದೆ. ಹಸಿರು ಅಥವಾ ಬಿಳಿ ತಂತಿ ನೇರ 5 ವೋಲ್ಟ್‌ಗೆ ತಾಗಿದರೆ ಒಳಗಿನ ಟ್ರಾನ್ಸಿಸ್ಟರ್ ಸುಟ್ಟಿತೆಂದೇ ಲೆಕ್ಕ. ಔಟ್‌ಪುಟ್ ಓಪನ್ ಕಲೆಕ್ಟರ್, ಅಂದರೆ ತಂತಿಯನ್ನು ಗ್ರೌಂಡ್‌ಗೆ ಇಳಿಸಬಲ್ಲದು, ಮೇಲೆತ್ತಲಾರದು. ಆದ್ದರಿಂದ 5 ವೋಲ್ಟ್‌ಗೆ ಎತ್ತಿಹಿಡಿಯುವ ರೆಸಿಸ್ಟರ್, ಅಂದರೆ ಪುಲ್‌ಅಪ್, ಬೇಕೇ ಬೇಕು. ಚಿಪ್‌ನೊಳಗಿನ 20ರಿಂದ 50 ಕಿಲೋ ಓಮ್‌ನ ಪುಲ್‌ಅಪ್ ಮೇಜಿನ ಮೇಲೆ ಕೆಲಸ ಮಾಡುತ್ತದೆ, ಉದ್ದ ಕೇಬಲ್‌ನಲ್ಲಿ ಪಲ್ಸ್ ಏರುವುದು ನಿಧಾನವಾಗಿ ಎಣಿಕೆ ತಪ್ಪುತ್ತದೆ. ಎರಡು 4.7 ಕಿಲೋ ಓಮ್ ರೆಸಿಸ್ಟರ್‌ಗಳನ್ನು 5 ವೋಲ್ಟ್‌ಗೆ ಹಾಕಿದರೆ ಆ ರಗಳೆ ಮುಗಿಯಿತು.

ಹೊಸಬರನ್ನು ಹೆಚ್ಚು ಕಾಡುವುದು ಹಿಮ್ಮುಖ ಓಟ. ನಾಬನ್ನು ಜೋರಾಗಿ ತಿರುಗಿಸಿದರೆ ಪರದೆಯ ಮೇಲಿನ ಚಲನೆ ಹಿಂದಕ್ಕೆ ಹೋಗುತ್ತದೆ. ಎಲ್ಲರೂ ಎನ್‌ಕೋಡರ್‌ಗೆ ಬೈಯುತ್ತಾರೆ, ತಪ್ಪು ಪ್ರೋಗ್ರಾಮಿನದು. ಎರಡೂ ತಂತಿಗಳ ಏರಿಳಿತ ಎಣಿಸಿದರೆ ಒಂದು ಸುತ್ತಿಗೆ 600 ಅಲ್ಲ, 2400 ಎಣಿಕೆ. ಆರ್ಡುಯಿನೊದ ಮೌಸ್ ಆಜ್ಞೆ ಒಂದು ಸಲಕ್ಕೆ 127ರವರೆಗೆ ಮಾತ್ರ ಒಯ್ಯುತ್ತದೆ. 150 ಕೊಟ್ಟರೆ ಅದು ಮೈನಸ್ 106 ಆಗಿ ಹೊರಬೀಳುತ್ತದೆ. ಪ್ರೋಗ್ರಾಮಿನಲ್ಲಿ ಮತ್ತೆ ಮತ್ತೆ ಓಡುವ ಲೂಪಿನಲ್ಲಿ 10 ಮಿಲಿಸೆಕೆಂಡಿನ ಡಿಲೇ ಇಟ್ಟರೆ ಸೆಕೆಂಡಿಗೆ 100 ವರದಿ, ಅಂದರೆ ಹೆಚ್ಚೆಂದರೆ 12,700 ಎಣಿಕೆ, ಸುಮಾರು ಐದೂಕಾಲು ಸುತ್ತು. ಭಾರದ ನಾಬ್ ಅದನ್ನು ಸಲೀಸಾಗಿ ಮೀರುತ್ತದೆ. ಡಿಲೇ ತೆಗೆದುಹಾಕಿ, 127 ದಾಟಿದ ಎಣಿಕೆಯನ್ನು ಎಸೆಯದೆ ಮುಂದಿನ ವರದಿಗೆ ಉಳಿಸಿ. ಬೇರೆ ಮದ್ದು ಬೇಕಿಲ್ಲ. ಮಾಮೂಲಿ ವೇಗದಲ್ಲೂ ದಿಕ್ಕು ಉಲ್ಟಾ ಇದ್ದರೆ ಮಾತ್ರ ಹಸಿರು, ಬಿಳಿ ಅದಲುಬದಲು ಮಾಡಿ.

ಹಳೆ ಆರ್ಕೇಡ್ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಮೇಮ್ ಪ್ರೋಗ್ರಾಮಿನಲ್ಲಿ ಮೌಸ್ ಆಯ್ಕೆಯನ್ನು 1 ಮಾಡಿ, ಆಟದೊಳಗೆ ಟ್ಯಾಬ್ ಒತ್ತಿ, ಅನಲಾಗ್ ಹೊಂದಾಣಿಕೆಯ ಮೆನುವಿನಲ್ಲಿ ಸೆನ್ಸಿಟಿವಿಟಿ ಹೊಂದಿಸಿ. ಒಂದು ಆಟದ ಅಂಕಿ ಇನ್ನೊಂದಕ್ಕೆ ಆಗುವುದಿಲ್ಲ.

ಕೈಗೆ ಸಿಗುವ ಅನುಭವ ಪಲ್ಸ್‌ಗಿಂತ ನಾಬ್‌ನ ಮೇಲೆ ನಿಂತಿದೆ. ಹೊಸ ಎನ್‌ಕೋಡರ್‌ನ ಬೇರಿಂಗ್‌ನಲ್ಲಿ ಗ್ರೀಸ್ ಗಟ್ಟಿ. ಬಿಟ್ಟ ಕೂಡಲೇ ನಿಲ್ಲುತ್ತದೆ. ಕರೆಂಟ್ ಕೊಡದೆ, ಡ್ರಿಲ್ಲಿಗೆ ಶಾಫ್ಟ್ ಸಿಕ್ಕಿಸಿ ನಿಧಾನಕ್ಕೆ ಸ್ವಲ್ಪ ಹೊತ್ತು ಓಡಿಸಿದರೆ ಸಡಿಲವಾಗುತ್ತದೆ. ಸಾಲದಿದ್ದರೆ ಮುಂಬದಿಯ ಬೇರಿಂಗ್‌ಗೆ ಒಂದೇ ಹನಿ ಹೊಲಿಗೆ ಮಷಿನಿನ ಎಣ್ಣೆ. ಸ್ಪ್ರೇ ಬೇಡವೇ ಬೇಡ, ಮಂಜು ಒಳಗಿನ ಡಿಸ್ಕ್ ಮೇಲೆ ಕೂತರೆ ಓದುವ ಬೆಳಕೇ ಮಂಕಾಗುತ್ತದೆ.

ನಾಬ್‌ಗೆ ಪಂಪಿನ ಬಿಡಿಭಾಗ ಕಡೆದುಕೊಡುವ ಲೇತ್ ಅಂಗಡಿಯೇ ಸಾಕು. 44 ಮಿ.ಮೀ. ವ್ಯಾಸ, 25 ಮಿ.ಮೀ. ಎತ್ತರದ ಅಲ್ಯೂಮಿನಿಯಂ ನಾಬ್ ಸುಮಾರು 100 ಗ್ರಾಂ. ಅದೇ ಅಳತೆಯ ಹಿತ್ತಾಳೆ 320 ಗ್ರಾಂ. ಎತ್ತರ ಇಮ್ಮಡಿಸಿದರೆ ಜಡತ್ವ ಎರಡು ಪಟ್ಟು, ವ್ಯಾಸ ಇಮ್ಮಡಿಸಿದರೆ 16 ಪಟ್ಟು. ಹಾಗಾಗಿ ಭಾರ ಬೇಕಾದವರು ಅಗಲ ಹೆಚ್ಚಿಸಲಿ. ಟೆಂಪೆಸ್ಟ್‌ಗೆ ಹಿತ್ತಾಳೆ ಹಬ್ಬ. ಆರ್ಕನಾಯ್ಡ್‌ನಲ್ಲಿ ಅದೇ ನಾಬ್ ಚೆಂಡನ್ನು ದಾಟಿ ಓಡುತ್ತದೆ. ಅಲ್ಲಿ ಬೇಕಾದ್ದು ಓಟವಲ್ಲ, ಥಟ್ಟನೆ ನಿಲ್ಲುವುದು. ಎರಡೂ ಆಡುವವರಿಗೆ ಅಲ್ಯೂಮಿನಿಯಮ್ಮೇ ಸರಿ. ನಾಬನ್ನು ಹಿಡಿದಿಡುವ ತಲೆಯಿಲ್ಲದ ಗ್ರಬ್ ಸ್ಕ್ರೂ ಶಾಫ್ಟಿನ ಚಪ್ಪಟೆ ಭಾಗಕ್ಕೆ ಕೂರಬೇಕು, ಇಲ್ಲವಾದರೆ ವಾರದಲ್ಲಿ ಸಡಿಲ.

ಪೆಟ್ಟಿಗೆಗೆ ಐಎಸ್ 710 ಮೆರೈನ್ ಪ್ಲೈವುಡ್ ಬಿಟ್ಟು ಬೇರೆ ನೋಡಬೇಡಿ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಆದರೆ ಆಟಿ ತಿಂಗಳು ಮುಗಿಯುವುದರೊಳಗೆ ಅಂಚು ಉಬ್ಬುತ್ತದೆ. ಪ್ಲೈನ ಕತ್ತರಿಸಿದ ಅಂಚಿಗೂ ಪ್ರೈಮರ್, ಮೇಲೆ ಎನಾಮಲ್ ಹೊಡೆಯಿರಿ. ಶಾಫ್ಟ್ ಗಿಡ್ಡ, 18 ಮಿ.ಮೀ. ಪ್ಲೈ ದಾಟುವುದಿಲ್ಲ. ಆಚಾರಿಯವರಿಂದ 40 ಮಿ.ಮೀ. ತೂತು ಕೊರೆಸಿ, ಮೇಲೆ 3 ಮಿ.ಮೀ. ಅಲ್ಯೂಮಿನಿಯಂ ತಗಡಿಗೆ ಎನ್‌ಕೋಡರ್ ಬಿಗಿಯಿರಿ. ಸ್ಕ್ರೂ ಎಲ್ಲ ಸ್ಟೇನ್‌ಲೆಸ್ ಇರಲಿ. ಉಪ್ಪಳ, ಮಂಜೇಶ್ವರದ ಕಡಲಬದಿಯಲ್ಲಿ ಸತು ಲೇಪದ ಸ್ಕ್ರೂ ಕೆಂಪಾಗಲು ಒಂದು ಮಳೆಗಾಲ ಸಾಕು.

ಆ ತಗಡಿನಲ್ಲಿ ಇನ್ನೊಂದು ಸಂಗತಿ ಇದೆ. ಬೆರಳಿಗೆ ಜುಮ್ಮೆಂದರೆ ಹೆದರಿ ಎನ್‌ಕೋಡರ್ ಬಿಚ್ಚಬೇಡಿ, ಮನೆಯ ಅರ್ಥಿಂಗ್ ನೋಡಿ. ಅರ್ಥ್ ಇಲ್ಲದ ಸಾಕೆಟ್‌ನಲ್ಲಿ ಕಂಪ್ಯೂಟರಿನ ಪವರ್ ಸಪ್ಲೈ ಫಿಲ್ಟರ್ ತನ್ನ ಗ್ರೌಂಡನ್ನು 230 ವೋಲ್ಟ್‌ನ ಸುಮಾರು ಅರ್ಧಕ್ಕೆ ಎತ್ತಿಡುತ್ತದೆ. ಶೀಲ್ಡ್ ಗ್ರೌಂಡ್‌ಗೆ ಸೇರಿದ್ದರೆ ಅದು ಲೋಹದ ಮೂಲಕ ಬೆರಳಿಗೇ ಬರುತ್ತದೆ. ಮೂರು ಪಿನ್‌ನ ಸರಿಯಾದ ಅರ್ಥ್ ಕೊಟ್ಟರೆ ನಿಲ್ಲುತ್ತದೆ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡುವುದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ.

ಈಗ ಎರಡೂವರೆ ಅಂಕದ ಬಟನ್. ಕೆಲವು ದಿನ ಬಿಟ್ಟು ಒತ್ತಿದರೆ ಮೊದಲ ಒತ್ತು ದಕ್ಕುವುದಿಲ್ಲ. ಮೈಕ್ರೊಸ್ವಿಚ್ಚಿನ ಬೆಳ್ಳಿ ತುದಿಗೆ ತೇವದಲ್ಲಿ ಪದರ ಕಟ್ಟುತ್ತದೆ, ಚಿಪ್‌ನ ಪುಲ್‌ಅಪ್ ಕೊಡುವ 0.1ರಿಂದ 0.25 ಮಿಲಿಆಂಪಿಯರ್ ಅದನ್ನು ಸೀಳಲಾರದು. ಪ್ರತಿ ಬಟನ್ನಿಗೆ 1 ಕಿಲೋ ಓಮ್‌ನ ಹೊರ ಪುಲ್‌ಅಪ್ ಹಾಕಿದರೆ 5 ಮಿಲಿಆಂಪಿಯರ್ ಹರಿಯುತ್ತದೆ, ತೊಂದರೆ ಬಹುಪಾಲು ಹೋಗುತ್ತದೆ.

ಪ್ರೊ ಮೈಕ್ರೊದ ಮೈಕ್ರೊ ಯುಎಸ್‌ಬಿ ಸಾಕೆಟ್ ಬೋರ್ಡಿನಿಂದಲೇ ಕಿತ್ತುಬರುವುದೂ ಮಾಮೂಲು. ಟೈಪ್ ಸಿ ಇರುವ ಬೋರ್ಡ್ ತನ್ನಿ. ಕೇಬಲ್ಲನ್ನು ಪೆಟ್ಟಿಗೆಯ ಒಳಗೇ ಕ್ಲಿಪ್ ಹಾಕಿ ಬಿಗಿಯಿರಿ, ಎಳೆತ ಸಾಕೆಟ್ ಮೇಲೆ ಬೀಳದಂತೆ.

ಕೊಳ್ಳುವ ಮುಂಚೆ ಒಂದು ಮಾತು. ಬ್ರೇಕ್‌ಔಟ್ (1976) ತರದ ಪ್ಯಾಡಲ್‌ನಲ್ಲಿ ಇದ್ದದ್ದು ಪೊಟೆನ್ಶಿಯೋಮೀಟರ್, ಅದಕ್ಕೆ ಎರಡೂ ತುದಿಯಲ್ಲಿ ತಡೆ ಉಂಟು. ಆ ಹಿಡಿತವೇ ಬೇಕಾದವರಿಗೆ ಈ ಎನ್‌ಕೋಡರ್ ಹಿಡಿಸದು. ಇಕಾರಿ ವಾರಿಯರ್ಸ್ (1986) ಆಟದ್ದು ಮೇಲ್ತುದಿ 12 ಹಂತಗಳಲ್ಲಿ ತಿರುಗುವ ಜಾಯ್‌ಸ್ಟಿಕ್. ಅದನ್ನು ಮಾಡಹೊರಟವರು ಈ ಎನ್‌ಕೋಡರ್ ಬಿಟ್ಟು, 12 ಹಂತದ ರೋಟರಿ ಸ್ವಿಚ್ಚನ್ನು ಹುಡುಕಲಿ. ಆ ಸ್ವಿಚ್ಚೂ ತುದಿಯಲ್ಲಿ ತಡೆಯಿಲ್ಲದೆ ಸುತ್ತುವಂಥದ್ದೇ ಆಗಬೇಕು.