ಲಾಗಿನ್ ಪುಟ ತೆರೆಯಿತು ಅಂದರೆ ಮೇಲ್ ಸರ್ವರ್ ಸರಿಯಿದೆ ಅಂತಲ್ಲ

ಆಫೀಸಿನಲ್ಲೇ ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್‌ನ ಮೇಲ್ ಸಾಫ್ಟ್‌ವೇರ್) ಸರ್ವರ್ ಇದ್ದು, ಅದನ್ನು ನೋಡಿಕೊಳ್ಳುವ ಕೆಲಸ ನಿಮ್ಮದಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ಮುಂಬಯಿಯ ಫೋರ್ಟ್‌ನಲ್ಲಿ ಒಂದು ಕ್ಲಿಯರಿಂಗ್ ಏಜೆನ್ಸಿಯ (ಬಂದರಿನಿಂದ ಸರಕು ಬಿಡಿಸಿಕೊಡುವವರು) ಕಂಪ್ಯೂಟರ್, ಮೇಲ್ ಎಲ್ಲ ನೋಡಿಕೊಳ್ಳುವವನು ನಾನು. ಮಾಲೀಕರು ಕುಂದಾಪುರದ ಕಡೆಯವರು. ನ್ಹಾವಾ ಶೇವಾ ಬಂದರಿನಲ್ಲಿ ಓಡಾಡುವ ನಮ್ಮ ಹುಡುಗರು ಬ್ರೌಸರ್‌ನಲ್ಲೇ ಮೇಲ್ ನೋಡುತ್ತಾರೆ. ಶಿಪ್ಪಿಂಗ್ ಲೈನ್‌ನ ಡೆಲಿವರಿ ಆರ್ಡರ್ ನಮಗೆ ಬರುವುದು ಮೇಲ್‌ಗೇ. ಅದು ಸಿಗದಿದ್ದರೆ ಕಂಟೇನರ್ ಬಿಡಿಸಲು ಆಗುವುದಿಲ್ಲ. ಬಾಡಿಗೆಯಿಲ್ಲದೆ ಕಂಟೇನರ್ ಇಟ್ಟುಕೊಳ್ಳಲು ಕೊಡುವ ಫ್ರೀ ಡೇಸ್ ಮುಗಿದರೆ ದಿನದ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು.

2024ರ ಸೆಪ್ಟೆಂಬರ್ 17, ಅನಂತ ಚತುರ್ದಶಿ. ನಾನು ಡೊಂಬಿವಲಿಯ ಮನೆಯಲ್ಲಿದ್ದೆ. ಬೆಳಿಗ್ಗೆ ಬಂದರಿನಿಂದ ಒಬ್ಬ ಹುಡುಗ ಫೋನ್ ಮಾಡಿದ. "ಅಣ್ಣಾ, ಪಾಸ್‌ವರ್ಡ್ ಹಾಕಿದ್ಮೇಲೆ ಏನೋ ಎರರ್ ಬರ್ತಿದೆ." ಸರ್ವರ್ ಸರಿಯಿದೆಯಾ ಅಂತ ತಾನೇ ನೋಡುತ್ತಿರುವ ಮಾನಿಟರಿಂಗ್ ತೆರೆದು ನೋಡಿದೆ. ಎಲ್ಲ ಹಸಿರು. "ನಿನ್ನ ನೆಟ್ ಸರಿಯಿಲ್ಲ, ಇನ್ನೊಂದ್ಸಲ ನೋಡು" ಅಂದುಬಿಟ್ಟೆ. ಪಾಪ, ಅವನ ಮಾತೇ ಸರಿಯಾಗಿತ್ತು.

ಇನ್ನೂ ಇಬ್ಬರು ಫೋನ್ ಮಾಡಿದ ಮೇಲೆ ನಾನೇ ಲಾಗಿನ್ ಆಗಿ ನೋಡಿದೆ. ಪುಟವೇನೋ ಚೆನ್ನಾಗಿ ತೆರೆಯಿತು. ಪಾಸ್‌ವರ್ಡ್ ಕೊಟ್ಟ ಕೂಡಲೇ ಎಚ್‌ಎಂಎಸಿ ಪ್ರೊವೈಡರ್ ಅಂತ ಶುರುವಾಗುವ ಎರರ್. ಬ್ರೌಸರ್ ಬದಲು ಕಂಪ್ಯೂಟರ್‌ನಲ್ಲಿ ಔಟ್‌ಲುಕ್ ಅನ್ನುವ ಮೇಲ್ ಪ್ರೋಗ್ರಾಂ ಇದ್ದವರಿಗೆ ಮೇಲ್ ಬರುತ್ತಲೇ ಇತ್ತು. ಅದಕ್ಕೇ ಆಫೀಸಿನಿಂದ ಯಾರೂ ದೂರು ಹೇಳಿರಲಿಲ್ಲ.

ಸರ್ಟಿಫಿಕೇಟ್ ಅಂದರೆ ಸರ್ವರ್‌ನ ಗುರುತು ಖಚಿತಪಡಿಸುವ ಡಿಜಿಟಲ್ ಪತ್ರ. ಹೊರಗಿನವರಿಗೆ ಕಾಣುವ ಸರ್ಟಿಫಿಕೇಟ್ ನೋಡಿದೆ, ಅವಧಿ ಇನ್ನೂ ಇತ್ತು. ಎಎಂಸಿಯವರಿಗೆ (ವಾರ್ಷಿಕ ನಿರ್ವಹಣಾ ಒಪ್ಪಂದದವರಿಗೆ) ಫೋನ್ ಮಾಡಿದೆ. ಅಲ್ಲಿದ್ದವರು ಏನೂ ನೋಡದೆ, "ಪಟ್ಟಿಯಲ್ಲಿರೋ ಹಳೇ ಸರ್ಟಿಫಿಕೇಟ್‌ಗಳನ್ನೆಲ್ಲ ಡಿಲೀಟ್ ಮಾಡಿ" ಅಂದರು. ನಾನು ಮಾಡಿದೆ. ಇದೇ ನನ್ನ ದೊಡ್ಡ ತಪ್ಪು. ಐದು ನಿಮಿಷದಲ್ಲಿ ಔಟ್‌ಲುಕ್ ಕೂಡ ನಿಂತಿತು. ಸರ್ವರ್‌ಗೆ ಆದೇಶ ಕೊಡುವ ಮ್ಯಾನೇಜ್‌ಮೆಂಟ್ ಶೆಲ್ ಕೂಡ ತೆರೆಯಲಿಲ್ಲ. ಬ್ಯಾಕಪ್ ಡಿಸ್ಕ್ ಆಫೀಸಿನಲ್ಲಿತ್ತು. ಲೋಕಲ್ ಹಿಡಿದು ಹೊರಟೆ. ಕರಿ ರೋಡ್, ಚಿಂಚ್‌ಪೋಕ್ಲಿಯಲ್ಲಿ ಗಣಪತಿ ವಿಸರ್ಜನೆಗೆ ಲಾಲ್‌ಬಾಗ್ ಕಡೆ ಹೋಗುವ ಜನಸಾಗರ. ನನಗೆ ಬಂದರಿನಲ್ಲಿ ನಿಂತಿದ್ದ ಆ ಹುಡುಗರದ್ದೇ ಯೋಚನೆ.

ಆಮೇಲೆ ಗೊತ್ತಾದದ್ದು ಇಷ್ಟು. ಎಕ್ಸ್‌ಚೇಂಜ್‌ನ ವೆಬ್ ಭಾಗದಲ್ಲಿ ಎರಡು ಸೈಟ್ ಇರುತ್ತವೆ. ಮುಂದಿನದು 443ನೇ ಪೋರ್ಟ್‌ನಲ್ಲಿ (ಸಂಪರ್ಕದ ಬಾಗಿಲಿನ ಸಂಖ್ಯೆ), ಹಿಂದಿನದು 444ರಲ್ಲಿ. ಲಾಗಿನ್ ಪುಟ ಕೊಡುವುದು ಮುಂದಿನದು. ಮೇಲ್‌ಬಾಕ್ಸ್ ತೆರೆದು ಕೊಡುವ ಕೆಲಸ ಹಿಂದಿನದರದ್ದು. ಹಿಂದಿನದು ಸತ್ತಿದ್ದರೂ ಲಾಗಿನ್ ಪುಟ ತೆರೆದುಕೊಳ್ಳುತ್ತದೆ. ನನ್ನ ಮಾನಿಟರ್ ನೋಡುತ್ತಿದ್ದದ್ದು ಅದೊಂದನ್ನೇ.

ಮೊದಲ ಎರರ್‌ಗೆ ಕಾರಣ ಬೇರೆ ಇತ್ತು. ಎಕ್ಸ್‌ಚೇಂಜ್ ಒಳಗೊಳಗೇ ಬಳಸುವ ಆತ್ ಸರ್ಟಿಫಿಕೇಟ್ ಅಂತ ಒಂದಿದೆ. ಅದರ ಆಯಸ್ಸು 5 ವರ್ಷ. ನಾವು ಸರ್ವರ್ ಹಾಕಿದ್ದು 2019ರ ಸೆಪ್ಟೆಂಬರ್‌ನಲ್ಲಿ. ಲೆಕ್ಕ ಸರಿಯಾಗಿತ್ತು ಅಲ್ವಾ? ಹೊಸದನ್ನು ಮಾಡಿ ಸರ್ವರ್‌ಗೆ ತಿಳಿಸಿದರೆ ಮುಗಿಯುತ್ತಿತ್ತು. ಅವಸರದಲ್ಲಿ ನಾನು ಡಿಲೀಟ್ ಮಾಡಿದ್ದರಲ್ಲಿ ‘ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್’ ಅನ್ನುವ ಹೆಸರಿನದೂ ಇತ್ತು. 444 ನಿಂತಿದ್ದೇ ಅದರ ಮೇಲೆ. ಐಐಎಸ್‌ನಲ್ಲಿ (ವಿಂಡೋಸ್‌ನ ವೆಬ್ ಸರ್ವರ್) ‘ಎಕ್ಸ್‌ಚೇಂಜ್ ಬ್ಯಾಕ್ ಎಂಡ್’ ಅನ್ನುವ ಆ ಹಿಂದಿನ ಸೈಟ್‌ನ ಬೈಂಡಿಂಗ್‌ಗೆ, ಅಂದರೆ ಪೋರ್ಟ್‌ಗೆ ಸರ್ಟಿಫಿಕೇಟ್ ಜೋಡಿಸುವ ಜಾಗಕ್ಕೆ ಹೋಗಿ ಬೇರೆ ಸರ್ಟಿಫಿಕೇಟ್ ಕೊಟ್ಟ ಮೇಲೆ ಶೆಲ್ ತೆರೆಯಿತು. ಬ್ಯಾಕಪ್ ಬೇಕಾಗಲೇ ಇಲ್ಲ. ಆತ್ ಸರ್ಟಿಫಿಕೇಟ್ ಬದಲಿಸಿದ ಮೇಲೂ ವೆಬ್ ಮೇಲ್ ತಕ್ಷಣ ಬರಲಿಲ್ಲ. ಒಂದು ಗಂಟೆಗಿಂತ ಜಾಸ್ತಿ ಹಿಡಿಯಿತು. ಆ ಹೊತ್ತಿನಲ್ಲಿ ಗಾಬರಿಯಾಗಿ ಮತ್ತೇನನ್ನೋ ಬದಲಿಸಲು ಹೋಗಬೇಡಿ.

ರಾತ್ರಿ ಹತ್ತಾಗಿತ್ತು. ಎರಡು ಕಂಟೇನರ್‌ಗಳ ಫ್ರೀ ಡೇಸ್ ಅಂದಿಗೇ ಮುಗಿದಿತ್ತು. ದಂಡ ಮಾಲೀಕರು ಕಟ್ಟಿದರು, ನನಗೊಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಇನ್ನೊಂದು ವಿಷಯ ಮರುದಿನ ಕಣ್ಣಿಗೆ ಬಿತ್ತು. ಒಂದು ವೇಳೆ ಮಾನಿಟರ್ ಕೆಂಪಾಗಿದ್ದಿದ್ದರೂ ಅದರ ಎಚ್ಚರಿಕೆ ಬರುತ್ತಿದ್ದದ್ದು ಇದೇ ಸರ್ವರ್‌ನಲ್ಲಿರುವ ನನ್ನ ಮೇಲ್‌ಗೆ. ಸುಮ್ನೆ ಒಮ್ಮೆ ನಿಮ್ಮಲ್ಲಿ ಅದು ಎಲ್ಲಿಗೆ ಹೋಗುತ್ತದೆ ನೋಡಿ. ಈಗ ನಾನು ಎಸ್‌ಎಂಎಸ್ ಬರುವ ಹಾಗೆ ಮಾಡಿದ್ದೇನೆ. ಯಾವ ಅಧಿಕಾರವೂ ಇಲ್ಲದ ಒಂದು ಪರೀಕ್ಷಾ ಖಾತೆ ಇಟ್ಟಿದ್ದೇನೆ. ಹತ್ತು ನಿಮಿಷಕ್ಕೊಮ್ಮೆ ಆಫೀಸಿನ ನೆಟ್‌ವರ್ಕ್‌ನ ಹೊರಗಿನಿಂದ ಅದು ನಿಜವಾಗಿ ಲಾಗಿನ್ ಆಗಿ ಇನ್‌ಬಾಕ್ಸ್ ತೆರೆಯುತ್ತದೆ. ತೆರೆಯದಿದ್ದರೆ ಮಾತ್ರ ನನ್ನನ್ನು ಎಬ್ಬಿಸುತ್ತದೆ.

ಹೊರಗಿನ ಸರ್ಟಿಫಿಕೇಟ್‌ಗಳ ಅವಧಿಯೂ ಕಡಿಮೆಯಾಗುತ್ತಿದೆ. ಮೊದಲು 398 ದಿನ ಇದ್ದದ್ದು 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ 47. ನೆನಪಿನ ಮೇಲೆ ನಡೆಸಲು ಆಗುವುದಿಲ್ಲ. ಎಕ್ಸ್‌ಚೇಂಜ್ 2016 ಮತ್ತು 2019ಕ್ಕೆ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅವು ಇನ್ನೂ ಇದ್ದರೆ ಬದಲಿಸುವ ಮಾತು ಮಾಲೀಕರ ಹತ್ತಿರ ಈಗಲೇ ತೆಗೆಯಿರಿ.

ಪಟ್ಟಿಯಲ್ಲಿರುವ ಯಾವ ಸರ್ಟಿಫಿಕೇಟ್ ಯಾವುದಕ್ಕೆ ಅಂತ ಗೊತ್ತಾಗುವವರೆಗೆ ಒಂದನ್ನೂ ಡಿಲೀಟ್ ಮಾಡಬೇಡಿ, ಫೋನ್‌ನಲ್ಲಿ ಯಾರೇ ಹೇಳಲಿ.