ಋತು ತೋರಿಸುವ ಮಾದರಿ ಅಂತ ಕೊಟ್ಟರು, ವರ್ಷವೆಲ್ಲಾ ಬೇಸಿಗೆ ತೋರಿಸುತ್ತದೆ

ಐದಕ್ಕೆ ಎರಡು ಸ್ಟಾರ್. ಹಾಸನದಲ್ಲಿ ಶಾಲೆ ಸಾಮಾನು ಮಾರುವ ಒಂದು ಅಂಗಡಿಯಲ್ಲಿ ಮಗಳಿಗೆ ಅಂತ ಕೊಂಡ ಸೂರ್ಯ-ಭೂಮಿ-ಚಂದ್ರ ಮಾದರಿ ಇದು. ನಡುವೆ ಬಲ್ಬಿನ ಸೂರ್ಯ, ಪ್ಲಾಸ್ಟಿಕ್ ತೋಳಿನ ತುದಿಗೆ ಭೂಮಿ, ಪಕ್ಕದಲ್ಲಿ ಪುಟ್ಟ ಚಂದ್ರ. ಹಗಲು-ರಾತ್ರಿ, ಅಮಾವಾಸ್ಯೆ-ಹುಣ್ಣಿಮೆ ತೋರಿಸಲು ಪರವಾಗಿಲ್ಲ. ಆದರೆ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಹಾಕಿರುವುದು ಋತುಗಳ ಹೆಸರು, ಅಲ್ಲೇ ಇದು ಕೈಕೊಡುತ್ತದೆ.

ಭೂಮಿ ಸುಮಾರು 23.4 ಡಿಗ್ರಿ ವಾಲಿಕೊಂಡಿದೆ. ಇಲ್ಲೂ ವಾಲಿಸಿದ್ದಾರೆ, ಸರಿ. ಆದರೆ ಅಕ್ಷವನ್ನು ತೋಳಿಗೇ ಬಿಗಿದುಬಿಟ್ಟಿದ್ದಾರೆ, ತೋಳು ತಿರುಗಿದರೆ ಅದೂ ತಿರುಗುತ್ತದೆ, ಹಾಗಾಗಿ ಉತ್ತರ ಧ್ರುವ ಎಲ್ಲಿಗೆ ಹೋದರೂ ಬಲ್ಬಿನ ಕಡೆಗೇ ಬಾಗಿರುತ್ತದೆ! ಈ ಲೆಕ್ಕದಲ್ಲಿ ಡಿಸೆಂಬರಿನಲ್ಲೂ ನಮಗೆ ಜೂನ್, ಪಾಪ ಆಸ್ಟ್ರೇಲಿಯಾದವರಿಗೆ ಬೇಸಿಗೆಯೇ ಇಲ್ಲ. ನಿಜವಾದ ಭೂಮಿಯ ಅಕ್ಷ ವರ್ಷವಿಡೀ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಧ್ರುವ ನಕ್ಷತ್ರದ ಕಡೆಗೇ ಇರುತ್ತದೆ. ಅದಕ್ಕೇ ಜೂನ್ 21ರ ಹೊತ್ತಿಗೆ ನಮ್ಮ ಅರ್ಧ ಸೂರ್ಯನ ಕಡೆ ಬಾಗಿರುತ್ತದೆ, ಡಿಸೆಂಬರ್ 21ರ ಹೊತ್ತಿಗೆ ಆಚೆಗೆ. ಇದೊಂದು ತಪ್ಪಿದರೆ ಉಳಿದದ್ದೆಲ್ಲಾ ಸುಮ್ನೆ ಅಲಂಕಾರ.

ಒಂದು ಮೆಚ್ಚಬೇಕು, ಭೂಮಿ ಸುತ್ತುವ ದಾರಿ ದುಂಡಗಿದೆ. ಎಷ್ಟೋ ಚಿತ್ರಗಳಲ್ಲಿ ಅದನ್ನು ಮೊಟ್ಟೆ ಥರ ಎಳೆದಿರುತ್ತಾರೆ, ಮಕ್ಕಳು ಸೂರ್ಯ ಹತ್ತಿರ ಬಂದಾಗ ಬೇಸಿಗೆ ಅಂದುಕೊಳ್ಳುತ್ತಾರೆ. ನಿಜಕ್ಕೂ ಹತ್ತಿರ ಬರುವುದು ಜನವರಿ ಮೊದಲ ವಾರ, ಸುಮಾರು 14.7 ಕೋಟಿ ಕಿ.ಮೀ. ಆಗ ಇಲ್ಲಿ ಬೆಳಿಗ್ಗೆ ಸ್ವೆಟರ್ ಬೇಕು, ಅಲ್ವಾ? ಜುಲೈ ಮೊದಲ ವಾರದಲ್ಲಿ 15.2 ಕೋಟಿ.

ಜೊತೆಗಿರುವ ಹಾಳೆಯಲ್ಲಿ ನಾಲ್ಕೇ ಋತು, ಮಳೆಗಾಲದ ಸುದ್ದಿಯೇ ಇಲ್ಲ. ಸಕಲೇಶಪುರದ ಮಕ್ಕಳಿಗೆ ಇದನ್ನು ಕೊಟ್ಟರೆ ನಗುತ್ತಾರೆ. ಹಾಸನ ಇರುವುದು 13 ಡಿಗ್ರಿ ಉತ್ತರದಲ್ಲಿ, ಸೂರ್ಯ ನೆತ್ತಿಗೆ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರ. ಏಪ್ರಿಲಿನಲ್ಲಿ ಬೆವರು ಸುರಿಯುತ್ತದೆ, ಆಗಸ್ಟಿನಲ್ಲಿ ಅದೇ ಸೂರ್ಯ ಮುಂಗಾರು ಮೋಡದ ಹಿಂದೆ.

ಇನ್ನೂ ಕೊಂಡಿಲ್ಲದವರು ಮಾಮೂಲಿ ಗ್ಲೋಬ್ ತೆಗೆದುಕೊಳ್ಳಿ. ಮೇಜಿನ ನಡುವೆ ಬಲ್ಬ್ ಇಟ್ಟು ಅದನ್ನು ಸುತ್ತ ಒಯ್ಯಿರಿ, ಓರೆಯಾದ ತುದಿ ಮಾತ್ರ ಯಾವಾಗಲೂ ಒಂದೇ ಗೋಡೆಯ ಕಡೆಗಿರಲಿ. ಈಗಾಗಲೇ ಕೊಂಡಿದ್ದರೆ ಭೂಮಿಯ ಬುಡದ ಸ್ಕ್ರೂ ಸಡಿಲ ಮಾಡಿ, ತೋಳು ತಿರುಗಿಸುವಾಗ ಅಕ್ಷವನ್ನು ಕೈಯಲ್ಲೇ ಹಿಂದಕ್ಕೆ ತಿರುಗಿಸುತ್ತಾ ಹೋಗಿ. ಬ್ಯಾಟರಿ ಡಬ್ಬಿಯಲ್ಲಿ ಬರುವುದಿಲ್ಲ, ಬೇರೆ ತರಬೇಕು.